ಅಕ್ಕ, ಪ್ಲಗ್ ತೆಗೆದ್ರಾ?

ಕೊಡಗಿನ ನಾಪೋಕ್ಲು ಕಡೆ ನಮ್ಮ ಮನೆ. ಅಂಗಳದ ಮುಂದೆ ಹತ್ತು ಸೆಂಟ್‌ನಷ್ಟು ಹುಲ್ಲುಹಾಸು, ಅದರ ಕೆಳಗೆ ಕಾಫಿ ತೋಟ. ಮೊದಲೆಲ್ಲ ಆ ಹುಲ್ಲನ್ನು ನಮ್ಮ ಹಸುವೇ ನೋಡಿಕೊಳ್ಳುತ್ತಿತ್ತು. ಹೋಂಸ್ಟೇ ಶುರು ಮಾಡಿದ ಮೇಲೆ, ಬಂದವರ ಎದುರಿಗೆ ಹಸು ಕಟ್ಟೋದು ಬೇಡ ಅಂತ ಯಜಮಾನರು ಲಾನ್ ಮೋವರ್, ಅಂದರೆ ಹುಲ್ಲು ಕತ್ತರಿಸುವ ಮೆಷಿನ್, ತಂದರು. ನನ್ನ ಕೇಳಿದರೆ ಹಸುವೇ ವಾಸಿ. ಪೆಟ್ರೋಲ್ ಕುಡಿಯೋದಿಲ್ಲ, ಮೇಲೆ ಸಗಣಿ ಬೇರೆ ಕೊಡುತ್ತದೆ. ಆದರೆ ಮೆಷಿನ್ ಬಂದಾಗಿತ್ತು. ತೋಟದ ಕೆಲಸವೇ ಅವರಿಗೆ ಸಾಕಷ್ಟಿದ್ದರಿಂದ ಅದು ನನ್ನ ಪಾಲಿಗೆ ಬಿತ್ತು. ಈಗ ಆರು ವರ್ಷ.

ನಮ್ಮದು ಹಿಂದಿನಿಂದ ತಳ್ಳಿಕೊಂಡು ಹೋಗುವ ಪೆಟ್ರೋಲ್ ಮೋವರ್, ಫೋರ್ ಸ್ಟ್ರೋಕ್. ಹೊಸ ಮೋವರ್‌ಗೆ ಎಷ್ಟೋ ಸಲ ಎಂಜಿನ್ ಆಯಿಲ್ ಹಾಕಿರುವುದೇ ಇಲ್ಲ. ಮಾರಿದ ಅಂಗಡಿಯವರು ಈ ಮಾತು ಹೇಳಲೇ ಇಲ್ಲ. ಸದ್ಯ, ಸ್ಟಾರ್ಟ್ ಮಾಡುವ ಹಗ್ಗ ಎಳೆಯುವ ಮೊದಲು ನಾನು ಜೊತೆಗೆ ಬಂದ ಪುಸ್ತಕ ಓದಿದೆ. ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಆಯಿಲ್ ಹಿಡಿಯಿತು. ಮೊದಲ ಐದು ಗಂಟೆ ಓಡಿದ ಮೇಲೆ ಅದನ್ನು ಬದಲಿಸಿದೆ. ಆಮೇಲೆ 50 ಗಂಟೆಗೊಮ್ಮೆ.

ಇನ್ನೊಂದು ಗೊಂದಲ ಪೆಟ್ರೋಲ್‌ದು. ತೋಟದ ವೀಡ್ ಕಟರ್ ಟೂ ಸ್ಟ್ರೋಕ್, ಅದಕ್ಕೆ ಆಯಿಲ್ ಬೆರೆಸಿದ ಪೆಟ್ರೋಲ್ ಬೇಕು. ಮೋವರ್‌ಗೆ ಬರೀ ಪೆಟ್ರೋಲ್. ಎರಡೂ ಒಂದೇ ಥರದ ಕ್ಯಾನಿನಲ್ಲಿದ್ದಾಗ ಒಂದು ಸಲ ಅದಲು ಬದಲಾಗಿ ವೀಡ್ ಕಟರ್‌ನ ಪಿಸ್ಟನ್ ಕಚ್ಚಿಕೊಂಡಿತು. ಈಗ ಒಂದು ಕ್ಯಾನಿಗೆ ಕೆಂಪು ಪೇಂಟ್ ಬಳಿದಿದ್ದೇನೆ.

ಈಗ ಆ ಜೂನ್ ತಿಂಗಳ ಕಥೆ. ಮೆಷಿನ್ ಬಂದು ಎರಡನೇ ವರ್ಷ. ನಾಲ್ಕು ದಿನ ಬಿಡದೆ ಹೊಯ್ದ ಮಳೆ ಮಧ್ಯಾಹ್ನ ಹೊಳವಾಯಿತು. ಸಂಜೆಗೆ ಬೆಂಗಳೂರಿನಿಂದ ಎರಡು ಕಾರು ಬರುವುದಿತ್ತು. ಒದ್ದೆ ಹುಲ್ಲು ಕತ್ತರಿಸಬಾರದು ಅಂತ ಗೊತ್ತಿದ್ದೂ ಇಳಿದೆ. ಹ್ಯಾಂಡಲ್ ಮೇಲೆ ಒಂದು ಲಿವರ್ ಇರುತ್ತದಲ್ಲ, ಅದನ್ನು ಹಿಡಿದಷ್ಟು ಹೊತ್ತು ಮಾತ್ರ ಎಂಜಿನ್ ಓಡುವುದು. ಕೈ ನೋಯುತ್ತದೆ ಅಂತ ಅದಕ್ಕೆ ಹುರಿ ಸುತ್ತಿ ಕಟ್ಟಿಬಿಟ್ಟಿದ್ದೆ. ಬುದ್ಧಿವಂತಿಕೆ ಮಾಡಿದ್ದೇನೆ ಅಂದುಕೊಂಡಿದ್ದೆ.

ಎರಡು ಸುತ್ತಿಗೇ ಅಡಿಯಲ್ಲಿ ಹುಲ್ಲು ಗಟ್ಟಿಯಾಗಿ ತುಂಬಿ ಎಂಜಿನ್ ನಿಂತಿತು. ಮೆಷಿನ್ ವಾಲಿಸಿ ಕೈ ಹಾಕಲು ಬಗ್ಗಿದೆ. ಗೊಬ್ಬರದ ಮೂಟೆ ಹೊತ್ತುಕೊಂಡು ಹೋಗುತ್ತಿದ್ದ ತೋಟದ ಹುಡುಗ ಅಲ್ಲೇ ನಿಂತು, "ಅಕ್ಕ, ಪ್ಲಗ್ ತೆಗೆದ್ರಾ?" ಅಂದ. ವೀಡ್ ಕಟರ್ ಓಡಿಸುವವನು ಅವನು. ಕೇಳಿದ್ದು ಎಂಜಿನ್‌ಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಗ್ಗೆ. "ನಿಂತೋಗಿದೆ ಅಲ್ವಾ, ಇನ್ನೇನು" ಅಂದೆ. ಅವನು ಮಾತಾಡದೆ ಮೂಟೆ ಇಳಿಸಿ, ಒಂದು ಕಾಫಿ ಕೋಲು ತಂದು ಬ್ಲೇಡನ್ನು ನೂಕಿದ. ಹುಲ್ಲಿನ ಮುದ್ದೆ ಸಡಿಲವಾಯಿತು, ಬ್ಲೇಡ್ ತಿರುಗಿತು, ಎಂಜಿನ್ ಒಂದು ಸಲ ಕೆಮ್ಮಿತು. ಕೋಲು ಎರಡು ತುಂಡು. ಹೆಬ್ಬೆರಳಿನಷ್ಟು ದಪ್ಪದ ಕೋಲು ಅದು.

ಆಗಿದ್ದು ಇಷ್ಟೇ. ಬ್ಲೇಡ್ ನೇರವಾಗಿ ಎಂಜಿನ್ನಿನ ಶಾಫ್ಟಿಗೇ ಕೂತಿರುತ್ತದೆ. ಬ್ಲೇಡ್ ತಿರುಗಿಸಿದರೆ ಹಗ್ಗ ಎಳೆದ ಹಾಗೇ ಲೆಕ್ಕ. ಲಿವರ್ ಬಿಟ್ಟಿದ್ದರೆ ಪ್ಲಗ್‌ಗೆ ಕಿಡಿ ಹೋಗುತ್ತಿರಲಿಲ್ಲ. ನಾನು ಕಟ್ಟಿದ್ದೆನಲ್ಲ, ಹಾಗಾಗಿ ಕಿಡಿ ಕಾದು ಕೂತಿತ್ತು. ಆಗಷ್ಟೇ ನಿಂತಿದ್ದ ಎಂಜಿನ್ ಬೇರೆ ಬಿಸಿಯಾಗಿತ್ತು. ಓಡುವ ಮೋವರ್ ಅಂದರೆ ಎಲ್ಲರೂ ಹೆದರಿ ದೂರ ಇರುತ್ತಾರೆ. ನಿಂತ ಮೋವರ್‌ಗೆ ಯಾರೂ ಹೆದರಲ್ಲ, ಕೈ ಹಾಕುವುದು ಅದಕ್ಕೇ. ಆವತ್ತಿನಿಂದ ಅಡಿಗೆ ಕೈ ಹೋಗುವ ಮೊದಲು ಪ್ಲಗ್‌ನ ಕ್ಯಾಪ್ ಕಿತ್ತು ಪಕ್ಕಕ್ಕೆ ಮಡಚಿ ಇಡುತ್ತೇನೆ. ಆಮೇಲೂ ಕೈ ಹಾಕಲ್ಲ, ಹುಲ್ಲು ಕೆರೆಯಲು ಹಳೇ ಮರದ ಸೌಟು ಇದೆ.

ಹುರಿಯನ್ನು ಆವತ್ತೇ ಕತ್ತರಿಸಿ ಬಿಸಾಕಿದೆ. ಆ ಲಿವರ್ ಸುಮ್ನೆ ಇಟ್ಟಿದ್ದಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದಲ್ಲಿ 1982ರಿಂದ ಇದಕ್ಕೆ ಕಾನೂನೇ ಇದೆ. ತಳ್ಳುವ ಮೋವರ್‌ನ ಲಿವರ್ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ನಮ್ಮದನ್ನೂ ಎಣಿಸಿ ನೋಡಿದೆ. ಮೂರು ಅನ್ನುವ ಹೊತ್ತಿಗೆ ನಿಲ್ಲುತ್ತದೆ. ಈಗ ವರ್ಷಕ್ಕೆರಡು ಸಲ ಎಣಿಸುತ್ತೇನೆ.

ಮೂರು ಸೆಕೆಂಡ್ ಯಾಕೆ ದೊಡ್ಡದು ಅಂತ ಮಗಳು ಲೆಕ್ಕ ಹಾಕಿ ತೋರಿಸಿದಳು. ಬ್ಲೇಡಿನ ಉದ್ದ 18 ಇಂಚು, ನಿಮಿಷಕ್ಕೆ 3000 ಸುತ್ತು. ತುದಿಯ ವೇಗ ಗಂಟೆಗೆ 250 ಕಿಲೋಮೀಟರ್ ದಾಟುತ್ತದೆ. ಆ ತುದಿಗೆ ಒಂದು ಜಲ್ಲಿ ಕಲ್ಲು ತಾಗಿದರೆ? ತಾಗಿದೆ. ಒಂದು ಸಲ ವರಾಂಡದ ಕಿಟಕಿ ಗಾಜು ಹೋಯಿತು. ಪುಣ್ಯಕ್ಕೆ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಕತ್ತರಿಸುವ ಮೊದಲು ಬುಟ್ಟಿ ಹಿಡಿದು ಇಡೀ ಹುಲ್ಲು ತಿರುಗುತ್ತೇನೆ. ಸಿಲ್ವರ್ ಓಕ್‌ನ ಕಡ್ಡಿ, ನಾಯಿ ಹೂತಿಟ್ಟ ಮೂಳೆ, ಮಕ್ಕಳ ಚೆಂಡು, ಒಮ್ಮೆ ಯಾರದ್ದೋ ಕಾರಿನ ಕೀ ಕೂಡ ಸಿಕ್ಕಿದೆ. ಕಾಲಿಗೆ ಗಂಬೂಟು ಹಾಕುತ್ತೇನೆ. ನಮ್ಮ ಕಡೆ ಜಿಗಣೆ ಇರುವುದರಿಂದ ಅದಕ್ಕೆ ಯಾರೂ ನೆನಪಿಸಬೇಕಿಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ನಾಯಿ ಮನೆಯೊಳಗೆ. ಅತಿಥಿಗಳ ಮಕ್ಕಳು ವಿಡಿಯೋ ತೆಗೆಯಲು ಹತ್ತಿರ ಬಂದರೆ ಲಿವರ್ ಬಿಟ್ಟು ಸುಮ್ನೆ ನಿಲ್ಲುತ್ತೇನೆ. ಅವರೇ ಬೇಜಾರಾಗಿ ಹೋಗುತ್ತಾರೆ.

ಕೊಡಗಿನಲ್ಲಿ ಸಪಾಟು ನೆಲ ಎಲ್ಲಿಂದ ಬರಬೇಕು? ನಮ್ಮ ಹುಲ್ಲಿನ ಅರ್ಧ ಇಳಿಜಾರು. ತಳ್ಳುವ ಮೋವರ್‌ನಲ್ಲಿ ಇಳಿಜಾರಿಗೆ ಅಡ್ಡಡ್ಡವೇ ಹೋಗಬೇಕು. ಮೇಲೆ ಕೆಳಗೆ ಹೋದರೆ, ಜಾರಿದಾಗ ಒಂದೋ ನಾವು ಅದರ ಅಡಿಗೆ, ಇಲ್ಲ ಅದು ನಮ್ಮ ಕಾಲ ಮೇಲೆ. ಹತ್ತಿ ಕೂತು ಓಡಿಸುವ ಮೋವರ್‌ಗೆ ಇದರ ಉಲ್ಟಾ, ಅಡ್ಡ ಹೋದರೆ ಮಗುಚುತ್ತದೆ. ತೋಟದ ಅಂಚಿನ ಕಡಿದಾದ ಜಾಗಕ್ಕೆ ನಾನು ಮೋವರ್ ಒಯ್ಯುವುದೇ ಇಲ್ಲ, ಅದು ವೀಡ್ ಕಟರ್ ಹುಡುಗನದ್ದು. ಮತ್ತೆ, ಮೆಷಿನ್ನನ್ನು ನನ್ನ ಕಡೆಗೆ ಎಳೆದುಕೊಳ್ಳುವ ಅಭ್ಯಾಸ ಬಿಡಲು ತುಂಬಾ ದಿನ ಹಿಡಿಯಿತು.

ಬ್ಲೇಡ್ ಮೊಂಡಾದರೆ ಹುಲ್ಲೇ ಹೇಳುತ್ತದೆ. ಮಾರನೇ ದಿನ ತುದಿಗಳೆಲ್ಲ ಕಂದು, ಹರಿದ ಹಾಗೆ. ಆಗ ಬ್ಲೇಡ್ ಬಿಚ್ಚಿ, ವೈಸ್‌ಗೆ ಕಚ್ಚಿಸಿ, ಮೊದಲಿದ್ದ ಇಳಿಜಾರಿನಲ್ಲೇ ಅರ ಹಾಕುತ್ತೇನೆ. ಕತ್ತಿಯ ಹಾಗೆ ಚೂಪು ಬೇಡ. ಗೋಡೆಯ ಮೊಳೆಗೆ ನಡುವಿನ ತೂತು ಸಿಕ್ಕಿಸಿ ನೋಡಿದರೆ ಯಾವ ಕಡೆ ಭಾರ ಅಂತ ಗೊತ್ತಾಗುತ್ತದೆ. ವಾಲಿದ ಕಡೆ ಇನ್ನೆರಡು ಸಲ ಅರ. ಸಮ ಇಲ್ಲದಿದ್ದರೆ ಮೆಷಿನ್ ನಡುಗಿ ಶಾಫ್ಟ್ ಹಾಳಾಗುತ್ತದೆ. ಬಾಗಿದ ಬ್ಲೇಡನ್ನು ಸುತ್ತಿಗೆಯಿಂದ ನೇರ ಮಾಡಬಾರದು, ಹೊಸದೇ ಹಾಕಬೇಕು.

ವಾಲಿಸುವಾಗ ಏರ್ ಫಿಲ್ಟರ್ ಇರುವ ಕಡೆ ಮೇಲಿರಲಿ. ನಾನು ಉಲ್ಟಾ ಮಲಗಿಸಿ, ಆಯಿಲ್ ಫಿಲ್ಟರಿಗೆ ಇಳಿದು, ಅಂಗಳ ತುಂಬಾ ಬಿಳಿ ಹೊಗೆ ಎಬ್ಬಿಸಿದ್ದೆ. ಹುತ್ತರಿಗೆ ಬಂದಿದ್ದ ನೆಂಟರು ಇವತ್ತಿಗೂ ಅದನ್ನೇ ಹೇಳಿ ನಗುತ್ತಾರೆ.

ಪೆಟ್ರೋಲ್ ತುಂಬುವುದು ಎಂಜಿನ್ ಆರಿದ ಮೇಲೆ, ಹುಲ್ಲಿನಿಂದ ಆಚೆ. ಕಾಫಿ ಕಣದ ಸಿಮೆಂಟು ಇದಕ್ಕೆ ಚೆನ್ನ ಅಂತ ನಾನು ಅಲ್ಲೇ ತುಂಬುತ್ತಿದ್ದೆ. ಯಜಮಾನರು ಒಂದು ದಿನ ಸಿಟ್ಟಾದರು. ಕಾಫಿ ವಾಸನೆ ಹೀರುವ ಪದಾರ್ಥ, ಹನಿ ಪೆಟ್ರೋಲ್ ಬಿದ್ದರೂ ಒಣಗುವ ಬೀಜಕ್ಕೆ ಹತ್ತುತ್ತದೆ. ಅದು ಸರಿಯೇ. ಈಗ ಗೇಟಿನ ಹತ್ತಿರ ತುಂಬುತ್ತೇನೆ.

ಕಕ್ಕಡ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು, ಬಂತೆಂದರೆ ಮೋವರ್‌ಗೆ ರಜೆ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ಕೆಟ್ಟಿತು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಕಾರ್ಬೊರೇಟರ್ ಏನಾಗಬೇಕು? ಅದಕ್ಕೇ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಹೊರಗೆ ಓಡಿಸುತ್ತೇನೆ. ಶೆಡ್ಡಿನೊಳಗೆ ಅಲ್ಲ, ಆ ಹೊಗೆ ಉಸಿರಿಗೆ ವಿಷ. ಆಮೇಲೆ ಅಡಿ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಬ್ಲೇಡಿಗೆ ತೆಳ್ಳಗೆ ಆಯಿಲ್ ಸವರಿ ಇಡುತ್ತೇನೆ.

ಹೊರಗೆ ತೆಗೆಯುವುದು ಸೆಪ್ಟೆಂಬರ್ ಮೊದಲ ವಾರ, ನಮ್ಮ ಕಡೆಯ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ. ಕೋವಿ, ಒಡಿಕತ್ತಿಗೆ ದೇವರ ಮೂಲೆಯಲ್ಲಿ ಪೂಜೆ. ಮೋವರ್ ಮತ್ತು ವೀಡ್ ಕಟರ್‌ಗೆ ಅಂಗಳದಲ್ಲೇ ಗಂಧ ಹಚ್ಚಿ ತೋಕ್ ಪೂ ಅನ್ನುವ ಹೂ ಸಿಕ್ಕಿಸುತ್ತಾರೆ ಅತ್ತೆ. ಹೋದ ವರ್ಷ ಹಬ್ಬದ ಮರುದಿನ ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಹುಲ್ಲು ಅಷ್ಟು ಹೊತ್ತಿಗೆ ಮೊಣಕಾಲಿಗೆ ಬಂದಿತ್ತು. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದರೆ ಬುಡ ಹಳದಿಯಾಗುತ್ತದೆ. ಮೊದಲ ಸುತ್ತು ಹುಡುಗ ವೀಡ್ ಕಟರ್‌ನಲ್ಲಿ ಮೇಲಿಂದ ತೆಗೆದ, ನಾಲ್ಕು ದಿನ ಬಿಟ್ಟು ನಾನು ಚಕ್ರ ಎತ್ತರಿಸಿಕೊಂಡು ಇಳಿದೆ.