ಬಳಸಿದ ರೋಬೋಟ್ ವ್ಯಾಕ್ಯೂಮ್ ಕೊಂಡು ಓಡಿಸುತ್ತಿರುವ ಬಗೆ: ನನ್ನ ಅನುಭವ

ಬೆಂಗಳೂರಿನಲ್ಲಿ ತಿರುಗುತ್ತಾ ಮನೆಯ ನಕ್ಷೆ ಹಿಡಿಯುವ ಲೇಸರ್ ಗೋಪುರವಿರುವ ಹೊಸ ರೋಬೋಟ್ ವ್ಯಾಕ್ಯೂಮ್‌ಗೆ (ತಾನಾಗಿ ಓಡಾಡಿ ನೆಲದ ಕಸ ಹೀರುವ ಯಂತ್ರ) 25,000 ರೂಪಾಯಿಯ ಆಸುಪಾಸು ಕೇಳುತ್ತಿದ್ದಾಗ, ನಾನು ಬಳಸಿದ ಯಂತ್ರವೊಂದನ್ನು 6,000ಕ್ಕೆ ಕೊಂಡು, ಅದರ ಮೇಲೆ ಇನ್ನೊಂದು ನಾಲ್ಕೈದು ಸಾವಿರ ಹಾಕಿ, ಸುಮಾರು ಎರಡು ವರ್ಷದಿಂದ ಓಡಿಸುತ್ತಿದ್ದೇನೆ. "ಬ್ಯಾಟರಿ ಸಾಮಾನನ್ನ ಯಾರಾದ್ರೂ ಸೆಕೆಂಡ್ ಹ್ಯಾಂಡ್ ತಗೋತಾರೇನಯ್ಯಾ?" ಎಂದು ನಮ್ಮ ಭಾವ ಆಗ ನೇರವಾಗಿಯೇ ಕೇಳಿದ್ದರು. ಈಗ ಅವರೇ ತಮಗೂ ಒಂದನ್ನು ನೋಡಿಕೊಡೆಂದು ಹೇಳಿದ್ದರಿಂದ ಇದನ್ನು ಬರೆಯುವ ಉತ್ಸಾಹ ಬಂದಿದೆ.

ಕೊಳ್ಳುವಾಗ ನಾನು ಹೊರಮೈಯ ಹೊಳಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಯಾವ ವರ್ಷದ ಮಾದರಿಯೆಂಬುದನ್ನೂ ಬಹಳ ಕೇಳುವುದಿಲ್ಲ. ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದೊಂದೇ ನನಗೆ ಮುಖ್ಯ. ಬ್ರಷ್ ಮತ್ತು ಫಿಲ್ಟರ್‌ಗಳ ಬಾಳಿಕೆಯ ಲೆಕ್ಕವನ್ನು ಆ್ಯಪ್‌ನಲ್ಲಿ ಒಂದು ಗುಂಡಿಯೊತ್ತಿ ನೂರು ಪ್ರತಿಶತಕ್ಕೆ ತರಬಹುದಾದ್ದರಿಂದ, ಮಾರುವವರು ಕಳಿಸುವ ಆ ಪುಟದ ಚಿತ್ರಕ್ಕೆ ಬೆಲೆಯಿಲ್ಲ. ಶುಚಿಗೊಳಿಸಿದ ಇತಿಹಾಸದ ಪುಟದಲ್ಲಿರುವ ಒಟ್ಟು ಗಂಟೆ ಮತ್ತು ಒಟ್ಟು ಚದರ ಮೀಟರನ್ನು ಕೇಳಬೇಕು. ನನ್ನ ಯಂತ್ರ ಸುಮಾರು 350 ಗಂಟೆ ಓಡಿತ್ತು. 800 ದಾಟಿದ್ದನ್ನು ನಾನು ನೋಡಲೂ ಹೋಗುವುದಿಲ್ಲ.

ಇದು ಸಿಗುವ ಮೊದಲು ಕೈಬಿಟ್ಟವು ಕೆಲವಿದ್ದವು. ಒಂದಕ್ಕೆ ಡಾಕ್ (ಯಂತ್ರ ಬಂದು ನಿಂತು ಚಾರ್ಜ್ ಆಗುವ ನೆಲೆ) ಇರಲಿಲ್ಲ, "ಬೇರೆ ಸಿಗುತ್ತೆ ಬಿಡಿ ಸಾರ್" ಎಂದರು. ಆ ಮಾದರಿಯ ಡಾಕ್ ಒಂದಕ್ಕೇ ಮೂರು ಸಾವಿರದ ಹತ್ತಿರವಾಗುತ್ತಿತ್ತು. ಇನ್ನೊಂದನ್ನು ತಿರುಗಿಸಿ ನೋಡಿದರೆ ಚಾರ್ಜಿಂಗ್ ತಗಡುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಅಂದರೆ ಮಾಪಿಂಗ್ ತೊಟ್ಟಿಯ ನೀರು ಒಳಗೆ ಇಳಿದಿತ್ತು. ರಿಪೇರಿ ಮಾಡಿ ಮಾರುವ ಅಂಗಡಿಯೊಂದರಿಂದ ತರಿಸಿದ ಯಂತ್ರ ಇಪ್ಪತ್ತು ನಿಮಿಷಕ್ಕೆ ನಿಂತುಹೋಯಿತು. ಹಣ ಮರಳಿ ಬರಲು ತಿಂಗಳು ಕಳೆಯಿತು, ಸಾಗಣೆಯ ಖರ್ಚಂತೂ ಬರಲೇ ಇಲ್ಲ. ಆಮೇಲೆ ನಾನು ಮಾರುವವರ ಮನೆಗೇ ಹೋಗಿ, ಅವರ ನೆಲದ ಮೇಲೆಯೇ ಯಂತ್ರವನ್ನು ಡಾಕ್‌ನಿಂದ ಹೊರಡಿಸಿ, ಅದು ತಾನಾಗಿ ಡಾಕ್‌ಗೆ ಮರಳುವವರೆಗೆ ಕುಳಿತು ನೋಡುವ ಪದ್ಧತಿಯನ್ನು ಇಟ್ಟುಕೊಂಡೆ. ಇದಕ್ಕೆ ಒಪ್ಪದವರ ಜೊತೆ ವ್ಯವಹಾರವೇ ಬೇಡ. ಅವರ ಖಾತೆಯಿಂದ ಯಂತ್ರವನ್ನು ತೆಗೆಸಿ, ನನ್ನ ಮೊಬೈಲ್‌ಗೆ ಜೋಡಿಸಿಕೊಂಡ ನಂತರವೇ ಹಣ ಕೊಡುತ್ತೇನೆ. ಚೀನಾದ ಮಾರುಕಟ್ಟೆಗೆಂದೇ ತಯಾರಾದ ಯಂತ್ರಗಳು ಇಲ್ಲಿನ ಸರ್ವರ್‌ಗೆ ಸೇರದೆ ಹಟ ಹಿಡಿಯುವುದೂ ಆಗಲೇ ತಿಳಿಯುತ್ತದೆ.

ಬ್ಯಾಟರಿ ಹೋಗಿದೆಯೆಂದೇ ಲೆಕ್ಕ ಹಾಕಿ ಬೆಲೆ ಕಟ್ಟಬೇಕು. ನನ್ನದು ಪೂರ್ತಿ ಚಾರ್ಜ್ ಆಗಿಯೂ ಮುಕ್ಕಾಲು ಗಂಟೆಯಷ್ಟೇ ಓಡುತ್ತಿತ್ತು. ಮೊದಲು 1,800 ರೂಪಾಯಿಯ ಸಿದ್ಧ ಪ್ಯಾಕ್ ತರಿಸಿದೆ. ಅದರ ಮೇಲೆ 5,200 ಎಂಎಎಚ್ (ಚಾರ್ಜ್ ಹಿಡಿಯುವ ಸಾಮರ್ಥ್ಯ) ಎಂದು ಬರೆದಿದ್ದರೂ ಅಳೆದಾಗ ಅರ್ಧದಷ್ಟೂ ಇರಲಿಲ್ಲ, ಕೆಲವೇ ತಿಂಗಳಲ್ಲಿ ಅದೂ ಕುಸಿಯಿತು. ಕೊನೆಗೆ ಮೂಲ ಪ್ಯಾಕನ್ನೇ ಬಿಚ್ಚಿದೆ. ಒಳಗೆ 18650 ಎಂಬ ಅಳತೆಯ ಎಂಟು ಲಿಥಿಯಂ ಸೆಲ್‌ಗಳು, ಎರಡೆರಡರ ನಾಲ್ಕು ಜೋಡಿಗಳಾಗಿ ಸಾಲಾಗಿದ್ದವು. ಮಲ್ಟಿಮೀಟರ್ ಹಿಡಿದರೆ ಮೂರು ಜೋಡಿಗಳು 3.9 ವೋಲ್ಟ್ ತೋರಿಸಿದವು, ನಾಲ್ಕನೆಯದು ಮಾತ್ರ 3ಕ್ಕಿಂತ ಕೆಳಗಿಳಿದಿತ್ತು. ಇಡೀ ಪ್ಯಾಕನ್ನು ಎಳೆದುಹಾಕುತ್ತಿದ್ದುದು ಆ ಒಂದು ಜೋಡಿ. ಒಂದನ್ನೇ ಬದಲಿಸಿದರೆ ಹೊಸದಕ್ಕೂ ಹಳೆಯದಕ್ಕೂ ಹೊಂದದು ಎಂದು ಎಂಟನ್ನೂ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ತಂದು, ಸೆಲ್‌ಗಳ ಚಾರ್ಜನ್ನು ಕಾಯುವ ಹಳೆಯ ಬಿಎಂಎಸ್ ಬೋರ್ಡನ್ನೇ ಉಳಿಸಿಕೊಂಡು, ನಿಕಲ್ ಪಟ್ಟಿಗೆ ಸ್ಪಾಟ್ ವೆಲ್ಡಿಂಗ್ ಮಾಡಿಸಿದೆ. ಎಲ್ಲ ಸೇರಿ 2,300 ಆಗಿರಬೇಕು. ಈಗ ಎರಡು ಗಂಟೆಗೆ ಕಡಿಮೆಯಿಲ್ಲದೆ ಓಡುತ್ತದೆ. ಅಸಲಿ ಸೆಲ್‌ಗಳನ್ನು ಯಾವ ಅಂಗಡಿಯಲ್ಲಿ, ಹೇಗೆ ಪರೀಕ್ಷಿಸಿ ಆರಿಸುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡನೆಯ ಖರ್ಚು ಲೇಸರ್ ಗೋಪುರದ್ದು. ಯಂತ್ರ ಹೊರಟ ಕೂಡಲೇ ಗೋಪುರದಿಂದ ಸಣ್ಣ ಕಿರಗುಟ್ಟುವಿಕೆ ಕೇಳಿಸಿದರೆ ಅದನ್ನು ತಿರುಗಿಸುವ ಮೋಟಾರ್ ಸವೆದಿದೆ ಎಂದರ್ಥ. ಇಡೀ ಗೋಪುರವನ್ನು ಬದಲಿಸಿದರೆ ನಾಲ್ಕು ಸಾವಿರ ಎಂದರು, ಸಿ.ಡಿ. ಪ್ಲೇಯರ್‌ಗಳಲ್ಲಿ ಬರುತ್ತಿದ್ದಂಥ ಚಿಕ್ಕ ಮೋಟಾರೊಂದನ್ನು ನೂರು ರೂಪಾಯಿಯೊಳಗೆ ತಂದು ನಾನೇ ಹಾಕಿದೆ, ಇಂದಿಗೂ ಸದ್ದಿಲ್ಲದೆ ತಿರುಗುತ್ತಿದೆ. ರಿಪೇರಿಯವರೇ "ಇದು ಆಗೋ ಕೆಲಸ ಅಲ್ಲ" ಎಂದು ಕೈಚೆಲ್ಲಿದ್ದ ಕೆಲಸವಿದು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಹೀರುವ ಶಕ್ತಿಯನ್ನು ಪರೀಕ್ಷಿಸಲು ನಾನು ಜೇಬಿನಲ್ಲಿ ಚಿರೋಟಿ ರವೆ ಒಯ್ಯುತ್ತೇನೆ. ಟೈಲ್ಸ್ ಸಂದುಗಳ ಮೇಲೆ 50 ಗ್ರಾಂ ಹರಡಿ ಒಂದು ಸುತ್ತು ಓಡಿಸಿ, ಕಸದ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 45ರ ಮೇಲೆ ಬರಬೇಕು. 35ಕ್ಕೆ ಇಳಿದರೆ ಫ್ಯಾನ್ ಅಥವಾ ಎಲ್ಲೋ ಗಾಳಿ ಸೋರುವ ರಬ್ಬರ್ ಅಂಚು ಕಾರಣ. ನಮ್ಮ ಅಡುಗೆಮನೆಯ ಕಪ್ಪು ಕಡಪ ಕಲ್ಲಿನ ಮೇಲೆ ಮಾತ್ರ ಯಂತ್ರ ಹೆಜ್ಜೆಯಿಡಲು ಒಪ್ಪಲಿಲ್ಲ. ಕಪ್ಪು ನೆಲ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸದ ಕಾರಣ, ಯಂತ್ರ ಮೆಟ್ಟಿಲಿನಿಂದ ಬೀಳದಂತೆ ತಡೆಯುವ ಕ್ಲಿಫ್ ಸೆನ್ಸರ್ ಅದನ್ನು ಪ್ರಪಾತವೆಂದೇ ತಿಳಿಯುತ್ತದೆ. ಸೆನ್ಸರ್‌ಗಳ ಮೇಲೆ ಬಿಳಿ ಕಾಗದ ಅಂಟಿಸಿ ನೋಡಿದೆ, ಕೆಲಸವೇನೋ ಆಯಿತು, ಆದರೆ ಮೆಟ್ಟಿಲಿರುವ ಮನೆಯಲ್ಲಿ ಇದನ್ನು ಯಾರೂ ಮಾಡಬಾರದು. ನಮ್ಮದು ಒಂದೇ ಮಟ್ಟದ ಮನೆಯಾದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ಬಾಗಿಲ ರಂಗೋಲಿ ಪುಡಿಯಷ್ಟು ಬೇಗ ಫಿಲ್ಟರ್ ಕಟ್ಟುವ ವಸ್ತು ಇನ್ನೊಂದಿಲ್ಲ. ಹೊಸ್ತಿಲಿನ ಬಳಿ ಆ್ಯಪ್‌ನಲ್ಲಿ ನಿಷೇಧದ ಗೆರೆ ಎಳೆದ ಮೇಲೆ, ತಿಂಗಳಿಗೊಮ್ಮೆ ಬದಲಿಸುತ್ತಿದ್ದ ಫಿಲ್ಟರ್ ಮೂರು ತಿಂಗಳು ಬರುತ್ತಿದೆ. ಫಿಲ್ಟರ್, ಸೈಡ್ ಬ್ರಷ್, ಉದ್ದ ಕೂದಲು ಸುತ್ತಿಕೊಂಡು ಸವೆಯುವ ಮೇನ್ ಬ್ರಷ್‌ನ ಬೇರಿಂಗ್, ಎಲ್ಲ ಸೇರಿ ವರ್ಷಕ್ಕೆ ಸಾವಿರದ ಇನ್ನೂರರೊಳಗೆ ಮುಗಿಯುತ್ತದೆ.