ಹೊಟ್ಟ್ಯಾಗ ಉಳಿತೈತೇನ್ರಿ ಸರ್?

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಮೇಷ್ಟ್ರು. ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠವನ್ನು ಮೊದಲ ಕೆಲವು ವರ್ಷ ಚಿತ್ರ ಬರೆಸಿ, ಭಾಗ ಗುರುತಿಸಿ ಮುಗಿಸುತ್ತಿದ್ದೆ. ಅಂಡಾಶಯ, ಗರ್ಭಕೋಶ, ವೃಷಣ. ಪರೀಕ್ಷೆಗೆ ಅಷ್ಟು ಸಾಕಿತ್ತು. ಹುಡುಗಿಯರು ತಲೆ ಎತ್ತುತ್ತಿರಲಿಲ್ಲ, ಹುಡುಗರು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ನಾನೂ ಬೇಗ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ.

ಒಂದು ವರ್ಷ ಮೇಜಿನ ಮೇಲೆ ರಟ್ಟಿನ ಡಬ್ಬಿ ಇಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಿ ಅಂದೆ. ಪ್ರಶ್ನೆ ಇಲ್ಲದವರು ಖಾಲಿ ಚೀಟಿಯನ್ನಾದರೂ ಹಾಕಲೇಬೇಕು. ಇಲ್ಲದಿದ್ದರೆ ಯಾರು ಬರೆದರು ಅಂತ ಗೊತ್ತಾಗುತ್ತೆ, ಅಲ್ವಾ? ಒಂದು ಚೀಟಿಯಲ್ಲಿ ಹೀಗಿತ್ತು: 'ಎರಡು ತಿಂಗಳಿಂದ ಮುಟ್ಟಾಗಿಲ್ಲ. ಆ ಕೆಟ್ಟ ರಕ್ತ ಎಲ್ಲಾ ಹೊಟ್ಟ್ಯಾಗ ಉಳಿತೈತೇನ್ರಿ ಸರ್?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾರ್ಮೋನುಗಳ ಹೆಸರು ಗೊತ್ತಿತ್ತು. ಯಾವುದರ ನಂತರ ಯಾವುದು ಬರುತ್ತೆ, ಒಂದು ಬರದಿದ್ದರೆ ಏನಾಗುತ್ತೆ ಅಂತ ಯೋಚಿಸಿರಲಿಲ್ಲ. ಎರಡು ದಿನ ಟೈಮ್ ಕೊಡಿ ಅಂತ ಮಕ್ಕಳನ್ನು ಕೇಳಿ, ಹಳೇ ಬಿಎಸ್ಸಿ ಪುಸ್ತಕ ತೆಗೆದು ಮತ್ತೆ ಓದಿದೆ.

ಈಗ ನಾನು ಈ ಪಾಠ ಶುರು ಮಾಡುವುದು ಮಿದುಳಿನಿಂದ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಒಂದೆರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಕಳಿಸುತ್ತೆ. ಅದು ಹೋಗುವುದು ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಗೆ. ಸತತವಾಗಿ ಸುರಿದರೆ ಪಿಟ್ಯುಟರಿ ಕ್ರಮೇಣ ಅದಕ್ಕೆ ಓಗೊಡುವುದನ್ನೇ ನಿಲ್ಲಿಸುತ್ತೆ. ಈ ಹಾರ್ಮೋನನ್ನು ಬೇರ್ಪಡಿಸಿ ರಚನೆ ತಿಳಿಯಲು ವಿಜ್ಞಾನಿಗಳು ಹಂದಿ, ಕುರಿಗಳ ಮಿದುಳಿನ ಚೂರುಗಳನ್ನು ಲಕ್ಷಗಟ್ಟಲೆ ಅರೆದರು. ಆ ಕೆಲಸಕ್ಕೆ ಶಾಲಿ ಮತ್ತು ಗಿಲ್ಲೆಮಿನ್ 1977ರಲ್ಲಿ ನೊಬೆಲ್ ಹಂಚಿಕೊಂಡರು. ಇಷ್ಟು ಹೇಳುವಷ್ಟರಲ್ಲಿ ತರಗತಿಯ ನಗು ನಿಂತಿರುತ್ತೆ. ವಿಷಯ ಮಿದುಳಿನದು ಅಂದಾಗ ಮಕ್ಕಳಿಗೆ ಮುಜುಗರ ಕಡಿಮೆ.

ಆಮೇಲೆ ಬೋರ್ಡಿನ ಮೇಲೆ ನಾಲ್ಕು ಬಣ್ಣದ ಗೆರೆ ಎಳೆಯುತ್ತೇನೆ. ಪಿಟ್ಯುಟರಿಯ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಹಾರ್ಮೋನುಗಳು, ಅಂಡಾಶಯದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್. ಎಫ್‌ಎಸ್‌ಎಚ್ ಅಂಡವನ್ನು ಬೆಳೆಸುತ್ತೆ. ಬೆಳೆಯುವ ಅಂಡದ ಸುತ್ತಲಿನ ಜೀವಕೋಶಗಳಿಂದ ಈಸ್ಟ್ರೋಜನ್ ಬರುತ್ತೆ. ಅದು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತೆ, ಜೊತೆಗೆ ಎಫ್‌ಎಸ್‌ಎಚ್‌ಗೆ ಸಾಕು ಅನ್ನುತ್ತೆ. ಟ್ಯಾಂಕ್ ತುಂಬಿದರೆ ತಾನೇ ಆಫ್ ಆಗುವ ಮೋಟಾರಿನ ಹಾಗೆ. ಆದರೆ ಈಸ್ಟ್ರೋಜನ್ ಸುಮಾರು ಎರಡು ದಿನ ಎತ್ತರದಲ್ಲೇ ನಿಂತರೆ ಎಲ್ಲ ತಿರುವುಮುರುವು. ಪಿಟ್ಯುಟರಿ ನಿಲ್ಲಿಸುವ ಬದಲು ಎಲ್‌ಎಚ್ ಅನ್ನು ಒಮ್ಮೆಲೇ ಬಿಡುತ್ತೆ, ಒಂದೂವರೆ ದಿನದ ಆಸುಪಾಸಿನಲ್ಲಿ ಅಂಡ ಹೊರಬರುತ್ತೆ. ಇಲ್ಲಿ ಟ್ಯಾಂಕಿನ ಹೋಲಿಕೆ ಕೆಲಸ ಮಾಡಲ್ಲ ಅಂತ ಬಾಯಿಬಿಟ್ಟೇ ಹೇಳುತ್ತೇನೆ.

ಅಂಡ ಹೊರಬಿದ್ದ ಜಾಗ ಹಳದಿ ಗಂಟಾಗಿ ಪ್ರೊಜೆಸ್ಟರಾನ್ ಕೊಡುತ್ತೆ. ಒಳಪದರ ನಿಂತಿರುವುದು ಇದರ ಆಸರೆಯಿಂದ. ಗರ್ಭ ಕಟ್ಟದಿದ್ದರೆ ಸುಮಾರು 14 ದಿನಕ್ಕೆ ಆ ಗಂಟು ಬತ್ತುತ್ತೆ, ಹಾರ್ಮೋನ್ ಇಳಿಯುತ್ತೆ, ಪದರ ಕಳಚುತ್ತೆ. ಅದೇ ಮುಟ್ಟು. ಬೆರಳು ಕುಯ್ದರೆ ಬರುವ ರಕ್ತವೇ ಅದು, ಜೊತೆಗೆ ಪದರದ ಚೂರುಗಳು. ಪ್ರತಿ ಸಲ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 80 ಮಿಲಿಲೀಟರ್ ಅಷ್ಟೇ. ಅದರಲ್ಲಿ ಕೆಟ್ಟದ್ದು ಏನೂ ಇಲ್ಲ.

ಇಷ್ಟಾದ ಮೇಲೆ ಆ ಚೀಟಿಗೆ ಉತ್ತರ ಹೇಳಿದೆ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಮಿದುಳು ಮತ್ತು ಅಂಡಾಶಯಕ್ಕೆ ಇನ್ನೂ ಹೊಂದಾಣಿಕೆ ಕೂಡಿರಲ್ಲ. ಕೆಲವು ತಿಂಗಳು ಅಂಡವೇ ಬಿಡುಗಡೆ ಆಗಲ್ಲ. ಅಂಡ ಇಲ್ಲ ಅಂದರೆ ಹಳದಿ ಗಂಟಿಲ್ಲ, ಪ್ರೊಜೆಸ್ಟರಾನ್ ಇಲ್ಲ, ಅದು ಇಳಿಯುವ ಮಾತೂ ಇಲ್ಲ. ಹಾಗಾಗಿ ಮುಟ್ಟು ತಡ. ರಕ್ತ ಎಲ್ಲೂ ಕೂಡಿಟ್ಟುಕೊಂಡಿಲ್ಲಮ್ಮ, ಅದು ನಿನ್ನ ಮೈಯಲ್ಲಿ ಹರಿಯುತ್ತಾ ಇದೆ. ಪದರ ಮಾತ್ರ ಒಳಗೆ ಇದೆ, ಮುಂದೆ ಕಳಚುವಾಗ ಸ್ವಲ್ಪ ಜಾಸ್ತಿ ಹೋಗಬಹುದು. ತಡವಾಗಲು ಬೇರೆ ಕಾರಣಗಳೂ ಇವೆ, ಈ ವಯಸ್ಸಲ್ಲಿ ಹೆಚ್ಚಾಗಿ ಇದು.

ಆ ವರ್ಷವೇ ಒಂದು ತಪ್ಪನ್ನೂ ತಿದ್ದಿಕೊಂಡೆ. ಅಂಡ ಬಿಡುಗಡೆ 14ನೇ ದಿನ ಅಂತ ಬರೆಸುತ್ತಿದ್ದೆ. ಅದು 28 ದಿನದ ಲೆಕ್ಕ. ಹೆಚ್ಚು ಬದಲಾಗದಿರುವುದು ಅಂಡ ಬಿಡುಗಡೆಯಾದ ನಂತರದ ಅರ್ಧ. 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆ 21ನೇ ದಿನದ ಹೊತ್ತಿಗೆ. ಈ ವಯಸ್ಸಿನ ಹುಡುಗಿಯರಿಗೆ 21ರಿಂದ 45 ದಿನದ ಅಂತರ ಸಹಜವೇ.

ಹುಡುಗರ ಚೀಟಿಗಳಲ್ಲೂ ರಕ್ತದ ಭಯವೇ ಇತ್ತು. ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಂತೆ, ನಿದ್ದೆಯಲ್ಲಿ ಹೋದರೆ ಶಕ್ತಿ ಹೋಗುತ್ತಾ? ಹೋಗಲ್ಲ ಮಗ. ಅದೇ ಎಲ್‌ಎಚ್, ಅದೇ ಎಫ್‌ಎಸ್‌ಎಚ್ ನಿಮ್ಮಲ್ಲೂ ಇವೆ. ಎಲ್‌ಎಚ್ ಟೆಸ್ಟೋಸ್ಟಿರಾನ್ ಎಂಬ ಗಂಡಸರ ಹಾರ್ಮೋನನ್ನು ಮಾಡಿಸುತ್ತೆ, ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯಲು ನೆರವಾಗುತ್ತೆ. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳ ಮೇಲೆ ಬೇಕು, ಆದರೆ ದಿನವೂ ಕೋಟಿಗಟ್ಟಲೆ ತಯಾರಾಗುತ್ತಲೇ ಇರುತ್ತವೆ. ದ್ರವದ ಬಹುಪಾಲು ಬೇರೆ ಗ್ರಂಥಿಗಳದು. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರ ಮುಖ ಹಗುರವಾದದ್ದು ನನಗೆ ಕಂಡಿತು.

ಬೋರ್ಡಿನ ಮೂಲೆಯಲ್ಲಿ ಒಂದು ವಾರ ಅಳಿಸದೆ ಬಿಡುವ ಸಾಲುಗಳಿವೆ. 15 ವರ್ಷವಾದರೂ ಮುಟ್ಟು ಶುರುವಾಗದಿದ್ದರೆ, ಮೂರು ತಿಂಗಳು ಮುಟ್ಟು ನಿಂತರೆ, ಏಳು ದಿನ ದಾಟಿದರೆ, ಒಂದೆರಡು ಗಂಟೆಗೇ ಪ್ಯಾಡ್ ತೋಯ್ದರೆ ಡಾಕ್ಟರಿಗೆ ತೋರಿಸಬೇಕು. ಹೋದ ವರ್ಷ ಆ ಸಾಲುಗಳು ಇನ್ನೂ ಬೋರ್ಡಿನ ಮೇಲಿದ್ದಾಗ ಡಬ್ಬಿಯಲ್ಲಿ ಒಂದು ಚೀಟಿ ಬಂತು. 'ನನಗ ನಾಲ್ಕು ತಿಂಗಳಾತು ಸರ್. ನಿಮ್ಮ ಹತ್ರ ಬರಾಕ ನಾಚಿಕಿ. ಗಣಿತದ ಟೀಚರ್ ಹತ್ರ ಹೇಳಲೇನ್ರಿ?' ಹೇಳು ಅಂತ ಇಡೀ ತರಗತಿಗೆ ಕೇಳುವಂತೆ ಹೇಳಿದೆ. ಆ ಶನಿವಾರ ಶಾಲೆ ಬಿಟ್ಟ ಮೇಲೆ ಟೀಚರ್ ಒಬ್ಬ ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು.