ಆರ್‌ಟಿಐ ಅರ್ಜಿಗೆ ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ ಬಾರದಂತೆ ಬರೆಯುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಮೊದಲಿನಂತಿಲ್ಲ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವೇ ಇಲ್ಲದ, ಇಲ್ಲವೇ ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ಅದರಡಿ ನಿರಾಕರಿಸಬಹುದಿತ್ತು. ಸಂಸತ್ತಿಗೆ, ವಿಧಾನಮಂಡಲಕ್ಕೆ ಕೊಡಲೇಬೇಕಾದ್ದನ್ನು ಜನರಿಗೆ ಕೊಡುವುದಿಲ್ಲ ಎನ್ನುವಂತೆಯೂ ಇರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಷರತ್ತುಗಳನ್ನೆಲ್ಲ ಕಿತ್ತುಹಾಕಿತು. 2025ರ ನವೆಂಬರ್‌ನಿಂದ ಈ ತಿದ್ದುಪಡಿ ಜಾರಿಯಲ್ಲಿದೆ. ಈಗ ಹೆಸರಿರುವ ಯಾವ ಕಡತ ಕೇಳಿದರೂ ‘ವೈಯಕ್ತಿಕ ಮಾಹಿತಿ’ ಎಂಬ ಒಂದು ಸಾಲಿನ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟು ಕೈತೊಳೆದುಕೊಳ್ಳುವುದು ಸಲೀಸು. ಆದರೆ 4, 8(2), 10, 19(5) ಸೆಕ್ಷನ್‌ಗಳು ಹಾಗೆಯೇ ಉಳಿದಿವೆ. ಅರ್ಜಿಯನ್ನು ಇವುಗಳ ಮೇಲೆ ನಿಲ್ಲಿಸಿ.

ಕರ್ನಾಟಕದಲ್ಲಿ ಅರ್ಜಿ ನಮೂನೆ ‘ಎ’ಯಲ್ಲಿ, 150 ಪದದೊಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಟ್ಟರೆ ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ. ರಸ್ತೆ, ಚರಂಡಿ, ಮನೆ ಮೂರನ್ನೂ ಒಂದೇ ಅರ್ಜಿಗೆ ತುರುಕಿದರೆ ‘ಒಂದಕ್ಕಿಂತ ಹೆಚ್ಚು ವಿಷಯ’ ಎಂದು ವಾಪಸ್ ಬರುತ್ತದೆ. ಮೂರು ಅರ್ಜಿ ಹಾಕಿ, ಖರ್ಚು 30 ರೂಪಾಯಿ.

ವಸತಿ ಫಲಾನುಭವಿಗಳ ಪಟ್ಟಿ ಬೇಕೆನ್ನಿ. ಹೀಗೆ ಬರೆಯಬಹುದು:

‘2023-24ನೇ ಸಾಲಿನಲ್ಲಿ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಬಸವ ವಸತಿ ಯೋಜನೆಗೆ ಆಯ್ಕೆಯಾದ ಫಲಾನುಭವಿಗಳ ಪಟ್ಟಿ, ಆಯ್ಕೆ ಮಾಡಿದ ಗ್ರಾಮಸಭೆಯ ನಡವಳಿ, ಪ್ರತಿಯೊಬ್ಬರಿಗೂ ಬಿಡುಗಡೆಯಾದ ಮೊತ್ತ, ಇವುಗಳ ದೃಢೀಕೃತ ಪ್ರತಿ ಕೊಡಿ. ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರ ಸೆಕ್ಷನ್ 4(1)(ಬಿ)(12)ರಂತೆ ನೀವೇ ಪ್ರಕಟಿಸಬೇಕಾದದ್ದು. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಬೇಡ. ಸೆಕ್ಷನ್ 10ರಂತೆ ಅವನ್ನು ಮರೆಮಾಡಿ ಉಳಿದದ್ದನ್ನು ಕೊಡಿ. ಸಾರ್ವಜನಿಕ ಹಣದ ಹಂಚಿಕೆಯಾದ್ದರಿಂದ ಸೆಕ್ಷನ್ 8(2)ನ್ನೂ ಪರಿಗಣಿಸಿ.’

ಆ ಕೊನೆಯ ಸಾಲು ಮುಖ್ಯ. ಕಾರಣ ಹೇಳಬೇಕಿಲ್ಲ ಎಂದು ಸೆಕ್ಷನ್ 6(2) ಹೇಳುತ್ತದೆ, ನಿಜ. ಆದರೆ ಬಹಿರಂಗಪಡಿಸುವುದರ ಸಾರ್ವಜನಿಕ ಹಿತ ಅದರಿಂದಾಗುವ ಹಾನಿಗಿಂತ ದೊಡ್ಡದಾದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುವುದು 8(2). ಆ ಹಿತ ಯಾವುದೆಂದು ನೀವೇ ಹೇಳದಿದ್ದರೆ ತೂಗಿ ನೋಡುವ ಗೋಜಿಗೆ ಬಹುತೇಕ ಯಾರೂ ಹೋಗುವುದಿಲ್ಲ. ಪರ್ಮಿಟ್, ರಿಯಾಯಿತಿ ಪಡೆದವರ ವಿವರಕ್ಕೆ ಇದೇ ರೀತಿ 4(1)(ಬಿ)(13)ನ್ನು, ನೌಕರರ ಮಾಸಿಕ ಸಂಬಳಕ್ಕೆ 4(1)(ಬಿ)(10)ನ್ನು ಹೆಸರಿಸಿ.

ಒಬ್ಬ ನೌಕರನ ಆಸ್ತಿ ವಿವರ, ಮೆಮೊ, ಇಲಾಖಾ ಶಿಕ್ಷೆಯ ಕಾಗದಗಳ ಬೆನ್ನು ಹತ್ತುವುದು ತಿದ್ದುಪಡಿಗೆ ಮುಂಚೆಯೂ ಕಷ್ಟವೇ ಇತ್ತು. 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವನ್ನು ವೈಯಕ್ತಿಕ ಎಂದಿದೆ. ವ್ಯಕ್ತಿಯನ್ನು ಬಿಟ್ಟು ಕಾಮಗಾರಿಯನ್ನು ಹಿಡಿಯಿರಿ: ಅಂದಾಜು ಪಟ್ಟಿ, ಕಾರ್ಯಾದೇಶ, ಎಂ.ಬಿ. (ಕಾಮಗಾರಿಯ ಅಳತೆ) ಪುಸ್ತಕದ ಪುಟಗಳು, ಬಿಲ್. ‘ರಸ್ತೆ ಯಾಕೆ ಕಿತ್ತುಹೋಯಿತು?’ ಎಂದು ಕೇಳಬೇಡಿ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅಧಿಕಾರಿಯ ಹೊಣೆ, ವಿವರಣೆ ಬರೆದುಕೊಡುವುದಲ್ಲ.

30 ದಿನದಲ್ಲಿ ಉತ್ತರ ಬರಬೇಕು. ತಡವಾದರೆ ಪ್ರತಿಗಳ ಶುಲ್ಕ ಕೊಡಬೇಕಿಲ್ಲ. ನಿರಾಕರಿಸಿದರೆ ಹಿಂಬರಹವನ್ನು ಸೆಕ್ಷನ್ 7(8)ರ ಜೊತೆ ಇಟ್ಟು ನೋಡಿ: ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರೂ ಇರಬೇಕು. ಬರೀ ಸೆಕ್ಷನ್ ಸಂಖ್ಯೆ ಕಾರಣವಾಗದು. ಮೊದಲ ಮೇಲ್ಮನವಿಗೆ 30 ದಿನ, ಅದರ ಆದೇಶದ ನಂತರ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದಕ್ಕೆ 90 ದಿನ. ಎರಡರಲ್ಲೂ, ನಿರಾಕರಣೆ ಸರಿಯೆಂದು ಸಾಬೀತು ಮಾಡುವ ಹೊರೆ ಅಧಿಕಾರಿಯದು ಎಂಬ 19(5)ನ್ನು ಮೊದಲ ಪ್ಯಾರಾದಲ್ಲೇ ಹಾಕಿ.

ಆಯೋಗಕ್ಕೆ ಹೋಗುವಾಗ ಸೆಕ್ಷನ್ 18ರ ದೂರನ್ನಷ್ಟೇ ಕೊಟ್ಟು ಬರಬೇಡಿ. ಅದರಡಿ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದೇ ಹೊರತು ಮಾಹಿತಿ ಕೊಡಿಸುವ ಆದೇಶ ಬರುವುದಿಲ್ಲ. 2011ರ ಮಣಿಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕಾಗದ ಕೈಗೆ ಬರಬೇಕಾದರೆ ಸೆಕ್ಷನ್ 19(3)ರ ಮೇಲ್ಮನವಿಯೇ ಬೇಕು.